ನಡಾವಳಿಯಲ್ಲಿ ಬರೆಯದ್ದು

ಗುರುವಾರ, ಏಳೂವರೆ. ಹಾಜರಿದ್ದ ಸದಸ್ಯರು ಐವರು,
ಡೆರಿಕ್ ಪ್ರೀಸ್‌ನ ನಾಯಿಯನ್ನೂ ಹಿಡಿದರೆ ಆರು.
ಹೀಟರಿಗೆ ನಾಣ್ಯ ಹಾಕುವ ಸರದಿ ಯಾರದೆಂದು
ಹತ್ತು ನಿಮಿಷ ಜಗ್ಗಾಟ.
ಇದನ್ನು ನಾನು ಬರೆಯಲಿಲ್ಲ.

ಹದಿನಾಲ್ಕು ವರ್ಷದಿಂದ ಆಷ್‌ಬಾಚ್ ಪ್ಯಾರಿಷ್ಷಿನ ಗುಮಾಸ್ತೆ ನಾನು.
ವಾರಕ್ಕೆ ನಾಲ್ಕು ಗಂಟೆಯ ಸಂಬಳ, ಮಿಕ್ಕಿದ್ದು ಊರಿನ ಋಣ.
ಸೂಚನಾಫಲಕದ ಬೀಗದ ಕೈ ನನ್ನ ಕೋಟಿನ ಜೇಬಿನಲ್ಲಿದೆ;
ಕಳೆದುಹೋದ ಬೆಕ್ಕಾಗಲಿ, ಚರ್ಚಿನ ಸೂರಿನ ಚಂದಾಪಟ್ಟಿಯಾಗಲಿ
ನನ್ನ ಕೈದಾಟಿಯೇ ಗಾಜಿನೊಳಗೆ ಹೋಗಬೇಕು.

ವಿಷಯ ಒಂದು: ಚರ್ಚಿನ ಗಡಿಯಾರ. ಎಂಟು ನಿಮಿಷ ಹಿಂದೆ.
ರಿಪೇರಿಗೆ ದುಡ್ಡಿಲ್ಲ.
‘ಬಸ್ಸು ಬರುವುದೇ ಒಂಬತ್ತು ನಿಮಿಷ ತಡ,
ನಮ್ಮ ಗಡಿಯಾರ ನೋಡಿದರೆ ಒಂದೇ ನಿಮಿಷ.
ಇರಲಿ ಬಿಡಿ, ಬಸ್ಸಿನ ಮಾನ ಉಳಿಯುತ್ತದೆ,’ ಎಂದ ಪ್ರೀಸ್.
ಮುಂದೂಡಲಾಗಿದೆ.

ವಿಷಯ ಎರಡು: ಅಂಚೆ.
ಅಂಗಡಿ ಮುಚ್ಚಿದ ಮೇಲೆ ಅಂಚೆ ಕಚೇರಿ ವ್ಯಾನಿನಲ್ಲಿ ಬರುತ್ತದೆ,
ಮಂಗಳವಾರ ಹತ್ತರಿಂದ ಹನ್ನೆರಡು, ಚರ್ಚಿನ ಹಿಂಬದಿಯಲ್ಲಿ.
ಕೂಸುಗಳ ತಲೆಗೆ ನೀರು ಹನಿಸುವ ಕಲ್ಲುಬಟ್ಟಲ ಪಕ್ಕ
ಈನಿಡ್ ಬಫ್ಟನ್ ತಕ್ಕಡಿ ಹೂಡಿ
ಕಾಡುಪ್ಲಮ್ಮಿನ ಜಾಮು, ಕೈಹೆಣಿಗೆಯ ಕಾಲ್ಚೀಲ ತೂಗುತ್ತಾಳೆ.
ದೇವರ ಮನೆಯಲ್ಲಿ ಚಿಲ್ಲರೆ ಎಣಿಸುವಾಗ
ಅವಳ ದನಿ ತಾನಾಗಿ ತಗ್ಗುತ್ತದೆ.

ವಿಷಯ ಮೂರು: ‘ನೇಗಿಲು’ ಪಬ್ಬಿನ ಬೋರ್ಡು.
ಬಣ್ಣ ಮಾಸಿ ನೇಗಿಲು ಬಾತುಕೋಳಿಯಂತಾಗಿದೆ.
ಹೊರಗಿನವರು ಈಗ ಬಾತುಕೋಳಿ ಎಲ್ಲಿ ಎಂದೇ ದಾರಿ ಕೇಳುತ್ತಾರೆ,
ನಾವೂ ತೋರಿಸುತ್ತೇವೆ.

ವಿಷಯ ನಾಲ್ಕು: ಕೆಂಪು ಟೆಲಿಫೋನ್ ಗೂಡು.
ಕಂಪನಿ ಒಂದು ಪೌಂಡಿಗೆ ಮಾರುತ್ತಿದೆ.
ಹೃದಯ ನಿಂತವರಿಗೆ ಆಘಾತ ಕೊಡುವ ಪೆಟ್ಟಿಗೆ ಅದರೊಳಗೆ ಬರಲಿ,
ಎಲ್ಲರೂ ಒಪ್ಪಿದರು. ಪೆನ್ನು ಮುಚ್ಚುವುದರಲ್ಲಿದ್ದೆ.

‘ರಿಸೀವರ್ ಮಾತ್ರ ಕೀಳಬೇಡಿ.’

ಆಬ್ರಿ ಗ್ವಿಲಿಯಂ. ಕುಲುಮೆಯ ಆಬ್ರಿ.
ಕುಲುಮೆಯೀಗ ಹುಲ್ಲು ಕತ್ತರಿಸುವ ಯಂತ್ರಗಳ ಆಸ್ಪತ್ರೆ.
ಹನ್ನೊಂದು ವರ್ಷದ ಸದಸ್ಯ,
ಕೈ ಎತ್ತಿದ್ದುಂಟು, ಬಾಯಿ ತೆರೆದದ್ದಿಲ್ಲ.

‘ಎಂಬತ್ತೆರಡರ ಜನವರಿ. ಬೇಲಿಯೇ ಕಾಣದಷ್ಟು ಹಿಮ.
ಹೆಂಡತಿಯನ್ನು ಟ್ರಾಕ್ಟರಿನಲ್ಲಿ ಹೆದ್ದಾರಿಗೆ ಮುಟ್ಟಿಸಿ,
ಅಲ್ಲಿಂದ ಆಂಬುಲೆನ್ಸು, ಶ್ರೂಸ್‌ಬರಿ.
ಮರುದಿನ ಆ ಗೂಡಿನಿಂದ ಫೋನು ಮಾಡಿದೆ. ಒಂದೇ ನಾಣ್ಯ.
ನರ್ಸಮ್ಮ, ಶುಭವಾಯಿತು ಮಿಸ್ಟರ್ ಗ್ವಿಲಿಯಂ, ನಿಮಗೆ, ಅಂದಳು.
ಪಿಪ್ ಪಿಪ್ ಪಿಪ್.
ಚಿಲ್ಲರೆಗೆ ನೇಗಿಲಿಗೆ ಓಡಿದೆ.
ವಾಪಸು ಬರುವಷ್ಟರಲ್ಲಿ ಎಲ್ಲೋ ತಂತಿ ಕಡಿದುಬಿದ್ದಿತ್ತು.

ದಾರಿ ತೆರೆಯಲು ಮೂರು ದಿನ.
ಆ ಮೂರು ದಿನ ನನಗೆ
ಮಗನೂ ಇದ್ದ, ಮಗಳೂ ಇದ್ದಳು.
ಕಬ್ಬಿಣ ಬಡಿಯುತ್ತ
ಒಂದು ಏಟಿಗೆ ಅವನ ಹೆಸರು, ಒಂದು ಏಟಿಗೆ ಇವಳದು.’

ಹೀಟರು ಟಕ್ ಎಂದು ಆರಿತು. ಯಾರೂ ನಾಣ್ಯ ಹುಡುಕಲಿಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.
ನಿಯಮದ ಪ್ರಕಾರ ಹೇಳಬೇಕಾದ್ದನ್ನು
ನಿಯಮದ ಪ್ರಕಾರವೇ ಹೇಳಿದರು:
‘ಈ ವಿಷಯದಲ್ಲಿ ನನಗೆ ಸ್ವಹಿತಾಸಕ್ತಿ ಇದೆ.
ನಾನು ಮತ ಹಾಕುವುದಿಲ್ಲ.’

ರೊವೀನಾ ಗ್ವಿಲಿಯಂ. ಆ ಚಳಿಗಾಲದ ಕೂಸು.
ಅವಳೂ ಕೇಳಿದ್ದು ಇದೇ ಮೊದಲು.

ಪರವಾಗಿ ನಾಲ್ಕು, ವಿರೋಧ ಇಲ್ಲ.
‘ಮಾತಿಲ್ಲದ ರಿಸೀವರನ್ನು ಇದ್ದಲ್ಲೇ ಉಳಿಸತಕ್ಕದ್ದು.
ಕಾರಣ ದಾಖಲಿಸಿಲ್ಲ.’

ಬಾಗಿಲಿಗೆ ಬೀಗ ಜಡಿದು ಹೊರಟಾಗ ಕಂಡೆ:
ಆ ಗೂಡಿನಲ್ಲಿ ಇಬ್ಬರು. ಇಬ್ಬರು ಹಿಡಿಯುವ ಗೂಡಲ್ಲ ಅದು.
ಅಪ್ಪ ಏನೋ ಹೇಳುತ್ತಿದ್ದ. ಗಾಜು ಮಂಜಾಗಿತ್ತು.
ಹುಟ್ಟದ ತಮ್ಮನ ಹೆಸರಿರಬಹುದು, ನನಗೇಕೆ,
ಟಾರ್ಚು ಆರಿಸಿ ಆಚೆ ಬದಿಯಿಂದ ಹೋದೆ.

ಸಭೆ ಮುಕ್ತಾಯ: ಒಂಬತ್ತು ಗಂಟೆ, ಎಂದು ಬರೆದೆ.
ಯಾವ ಗಡಿಯಾರದ್ದೆಂದು ಬರೆಯಲಿಲ್ಲ.