ಕೊನೆಯ ಪುಟ

ಮುಹರ್ರಕ್‌ನ ಈ ಗಲ್ಲಿಯಲ್ಲಿ ಅಂಗಡಿಗೆ
ಅಂಗಡಿ ಎನ್ನುವುದಿಲ್ಲ, ಕೋಲ್ಡ್ ಸ್ಟೋರ್ ಎನ್ನುತ್ತಾರೆ.
ಹೊರಗೆ ನಲವತ್ತಾರು ಡಿಗ್ರಿ.
ಕಾರು ನಿಲ್ಲುತ್ತದೆ. ಹಾರನ್.
ತೇಜ್ ಬಹಾದೂರ್ ಓಡುತ್ತಾನೆ.
ಗಾಜು ಎರಡು ಬೆರಳಿನಷ್ಟು ಇಳಿಯುತ್ತದೆ:
ಖುಬೂಸು, ಲಬಾನು, ಒಂದು ಡಬ್ಬ ಟಿಶ್ಯೂ.
ಗಾಜು ಏರುತ್ತದೆ.
ಹತ್ತೊಂಬತ್ತು ವರ್ಷದಿಂದ ನನ್ನ ವ್ಯಾಪಾರ
ಆ ಎರಡು ಬೆರಳಿನ ಸಂದಿಯಲ್ಲೇ ನಡೆದಿದೆ.

ಒಂದು ರಾತ್ರಿ, ಶಟರ್ ಅರ್ಧ ಇಳಿದ ಹೊತ್ತು,
ತೇಜ್ ಗಲ್ಲಾದ ಮುಂದೆ ಬಂದು ನಿಂತ.
ಕೈಯಲ್ಲೊಂದು ಪೊಟ್ಟಣ:
ಒಂದು ಮೊಟ್ಟೆ, ಒಂದು ನೀರುಳ್ಳಿ, ಎರಡು ಕಾಯಿಮೆಣಸು,
ಕಾಗದದ ಚೂರಿನಲ್ಲಿ ಚಿಟಿಕೆ ಅರಸಿನ.
"ಕಾಕಾ, ತಿಂಗಳ ಕೊನೆಗೆ ಕ್ಯಾಂಪಿನವರು
ಕಿಲೋ ನೋಡಿ ಹಿಂದೆ ಹೋಗುತ್ತಾರೆ.
ಒಬ್ಬನಿಗೆ ಒಂದು ರಾತ್ರಿಗೆ ಇಷ್ಟು ಸಾಕು.
ಇನ್ನೂರು ಫಿಲ್ಸಿಗೆ ಕೊಡೋಣವೇ?"

ಲೆಕ್ಕದಿಂದ ತಲೆ ಎತ್ತದೆ ಹೇಳಿದೆ:
"ಸಂಬಳ ಕೊಡುವುದು ಕೈಗೆ. ತಲೆಗಲ್ಲ."

ಹೇಳಿದ ಮೇಲೆ ಗೊತ್ತಾಯಿತು, ಆ ಮಾತು ನನ್ನದಲ್ಲ.
ಅದು ಮನಾಮದ ಹಳೆಯ ಬಜಾರಿನದು,
ಒಂದು ಬಟ್ಟೆ ಅಂಗಡಿಯದು. ನನಗಾಗ ಇಪ್ಪತ್ತೆರಡು.
ಉಳಿದ ತುಂಡುಗಳನ್ನೆಲ್ಲ ಕೂಸಿನ ಅಂಗಿಯ ಅಳತೆಗೆ ಕತ್ತರಿಸಿ
ಬಾಗಿಲಲ್ಲೊಂದು ಬುಟ್ಟಿ ಇಡೋಣ ಎಂದಿದ್ದೆ.
ಧಣಿಯೂ ತಲೆ ಎತ್ತಿರಲಿಲ್ಲ.
ಮರುವರ್ಷ ಬಾಗಿಲಲ್ಲಿ ಬುಟ್ಟಿ ಇತ್ತು,
ಅವರ ಅಳಿಯನಿಗೆ ಹೊಳೆದ ಬುಟ್ಟಿ.
ಆಮೇಲೆ ಏಳು ವರ್ಷ
ನಾನು ಕೈಗಳನ್ನು ಮಾತ್ರ ಕೆಲಸಕ್ಕೆ ಒಯ್ದೆ,
ತಲೆಯನ್ನು ರೂಮಿನ ಮೊಳೆಗೆ
ಅಂಗಿಯ ಜೊತೆ ತೂಗುಹಾಕಿ.

ಬೆಳಿಗ್ಗೆ ಉದ್ರಿ ಪುಸ್ತಕವನ್ನು ತಲೆಕೆಳಗು ಮಾಡಿ
ಕೊನೆಯ ಪುಟ ತೆರೆದೆ. ಮೇಲೆ ಬರೆದೆ: "ನಿಮ್ಮದು."
ತೋಚಿದ್ದನ್ನು ಬರೆಯಿರಿ, ಯಾವ ಭಾಷೆಯಾದರೂ ಸರಿ ಎಂದೆ.
ಒಂದು ವಾರ ಪುಟದ ಮೇಲೆ ಒಂದು ನೊಣ ಮಾತ್ರ ನಡೆದಾಡಿತು.
ಎಂಟನೆಯ ದಿನ ಲಿಗೋರಿ ದಪ್ಪ ಅಕ್ಷರದಲ್ಲಿ ಬರೆದ:
"ರಜೆ."
ಅದೂ ಒಂದು ಯೋಚನೆಯೇ ಅಲ್ಲವೇ ಪೊಡಿಯಾಕ ಎಂದು ನಕ್ಕ.
ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಸಿಲ್ಹೆಟ್ಟಿನ ಸೊಹ್ರಾಬ್ ಹೇಳಿದ:
ಐಸ್‌ಕ್ರೀಮಿನ ಪೆಟ್ಟಿಗೆ ಹೊರಗಿಟ್ಟರೆ
ಶಾಲೆ ಬಿಟ್ಟ ಮಕ್ಕಳ ಕಣ್ಣಿಗೆ ಬೀಳುತ್ತದೆ.
ಇಟ್ಟೆವು. ಜೂನ್ ತಿಂಗಳು.
ಮೂರನೆಯ ಮಧ್ಯಾಹ್ನ ಪೆಟ್ಟಿಗೆ ಉಸಿರು ಬಿಟ್ಟಿತು,
ಹದಿನಾಲ್ಕು ದಿನಾರಿನ ಮಾವಿನ ಕುಲ್ಫಿ
ಗಲ್ಲಿಯುದ್ದಕ್ಕೂ ಪಾಯಸವಾಗಿ ಹರಿಯಿತು.
ಬೆಕ್ಕುಗಳಿಗೆ ಅಂದು ಹಬ್ಬ.
ಸೊಹ್ರಾಬ್ ಗೋಡೆಗೆ ಮುಖ ಮಾಡಿ ನಿಂತ,
"ನನ್ನ ಸಂಬಳದಲ್ಲಿ ಹಿಡಿಯಿರಿ."
ನಾನು ಪುಸ್ತಕ ತಿರುಗಿಸಿ
ವಿಲ್ಲಾದ ಅಮ್ಮ, ಗ್ಯಾರೇಜಿನ ಪಠಾಣ,
ಇವರ ಸಾಲದ ಕೆಳಗೆ ಬರೆದೆ:
ಪೊಡಿಮೋನು, ಬಾಕಿ ಹದಿನಾಲ್ಕು ದಿನಾರ್.
ಅವನು ಇಣುಕಿ ನೋಡಿದ. ಏನೂ ಹೇಳಲಿಲ್ಲ.
ಒರೆಸುವ ಬಟ್ಟೆ ತಂದ.

ಇಪ್ಪತ್ತೈದನೆಯ ತಾರೀಕಿಗೆ ಬಾಗಿಲ ಮೊಳೆಗೆ
ನಲವತ್ತು ಪೊಟ್ಟಣ ತೂಗಿದವು.
ಮಗ್ರಿಬ್ ಬಾಂಗಿನ ಹೊತ್ತಿಗೆ ಒಂಬತ್ತು ಉಳಿದಿದ್ದವು.
ಹೆಸರು ಕೇಳಿದವರಿಗೆ ನಾನು "ತೇಜ್" ಎಂದಿದ್ದೆ.
ಸಿಮೆಂಟು ಮೆತ್ತಿದ ಬೂಟಿನ ಗಿರಾಕಿಯೊಬ್ಬ
"ಎರಡು ತೇಜ್ ಕೊಡು" ಎಂದಾಗ
ಕೊಡಬೇಕಾದ ತೇಜನ ಕಿವಿ ಕೆಂಪಾದವು.
ಪೊಟ್ಟಣಕ್ಕೆ ಇಪ್ಪತ್ತು ಫಿಲ್ಸ್ ಅವನಿಗೆ, ಬೇರೆ ಲಕೋಟೆಯಲ್ಲಿ.
ಮೇಲೆ ಏನು ಬರೆಯಲಿ ಎಂದು ಯೋಚಿಸಿ
"ತಲೆಯ ಸಂಬಳ" ಎಂದು ಬರೆದೆ.
ಓದಿಸಿಕೊಂಡು ನಕ್ಕ. ಅವನಿಗೆ ನೆನಪಿತ್ತು.
ನೆನಪಿರುತ್ತದೆ, ನನಗೆ ಗೊತ್ತು.

ಈಗ ಕೊನೆಯ ಪುಟದಲ್ಲಿ
ಬಂಗಾಳಿಯ ಐದು ಸಾಲುಗಳಿವೆ,
ಹಗ್ಗಕ್ಕೆ ಒಣಹಾಕಿದ ಅಂಗಿಗಳ ಹಾಗೆ
ಗೆರೆಗೆ ತೂಗಿದ ಅಕ್ಷರ. ನನಗೆ ಬಾರದು.
"ಏನೋ ಇದು?"
"ಇನ್ನೂ ಮುಗಿದಿಲ್ಲ ಕಾಕಾ, ತಡಿ," ಎಂದ ಸೊಹ್ರಾಬ್,
ಪೆನ್ನು ಕಚ್ಚಿಕೊಂಡು.

ಹೊರಗೆ ಹಾರನ್.
ತೇಜ್ ಪೊಟ್ಟಣ ಕಟ್ಟುತ್ತಿದ್ದ.
ಈ ಸಲ ನಾನೇ ಓಡಿದೆ.