ಗೆರೆಯ ದಪ್ಪ

ಹೊರಮಾವಿನ ಹಳೇ ಸರ್ವೆ ನಕಾಶೆ,
ಕಂದಾಯ ಭವನದ ಎದುರಿಗೆ
ಎ-ಫೋರ್ ಹಾಳೆಗೆ ಇಳಿಸಿ ಜೆರಾಕ್ಸ್ ಮಾಡಿಸಿದ್ದು,
ಮಡಚಿ ಮಡಚಿ ಮಡಿಕೆಯಲ್ಲೇ ಎರಡು ನಂಬರು ಮಾಸಿದ್ದು,
ಈಗ ಪಿಳ್ಳಮ್ಮನ ಹೊಲಿಗೆ ಮೆಷೀನಿನ ಮೇಲೆ ಹರಡಿದೆ.

ಚೈನು ಹಿಡಿಯುವ ಅಬ್ಬಯ್ಯ ಹೊರಗೆ ಬೀಡಿ ಹಚ್ಚಿದ.
ಪಕ್ಕದ ಸೈಟಿನವರು ಬೈಕಿಗೆ ಒರಗಿ ಕಾಯುತ್ತಿದ್ದಾರೆ.
"ಇದರಲ್ಲಿ ನಾನೆಲ್ಲಿದೀನಿ? ಬೆರಳಿಟ್ಟು ತೋರಿಸಿ."
ಬೆರಳಿಟ್ಟೆ. ಬೆರಳಡಿಗೆ
ಕೆರೆಯ ಕೋಡಿ, ಈಗಿನ ಬಸ್ ಸ್ಟಾಪು, ಇಡೀ ಎರಡನೇ ಅಡ್ಡರಸ್ತೆ.
ಬೆರಳು ತೆಗೆದು ಪೆನ್ಸಿಲ್ ಮೊನೆ ಇಟ್ಟೆ.

ಅವಳು ಕೊರಳಿನ ಟೇಪು ತೆಗೆದಳು,
ಮೂವತ್ತು ವರ್ಷ ಎದೆ, ತೋಳು, ಸೊಂಟ ಓದಿದ ಟೇಪು,
ಮೊದಲ ಎರಡು ಇಂಚಿನ ಅಂಕಿಯೇ ಸವೆದುಹೋಗಿದೆ.
"ಇಂಚಿಗೆ ಆರುನೂರ ಅರವತ್ತು ಅಡಿ ಅಂತ ಬರೆದಿದೆ, ಅಲ್ವಾ ಸಾರ್?"
ಬರೆದಿದೆ, ಆದರೆ ಸುಳ್ಳು, ಎಂದೆ.
ಹಾಳೆ ಕುಗ್ಗಿದಾಗ ಅಕ್ಷರ ಕುಗ್ಗಿತು,
ಅದು ಹೇಳುವ ಸಂಖ್ಯೆ ಕುಗ್ಗಲಿಲ್ಲ.
ಕೆಳಗಿದೆ ನೋಡಿ, ಕಟ್ಟುಹಾವಿನ ಮೈಯಂಥ ಕಪ್ಪುಬಿಳಿ ಪಟ್ಟಿ,
ಊರಿನ ಜೊತೆಗೇ ಕುಗ್ಗಿದೆ ಅದು.
ನಂಬುವುದಾದರೆ ಅದನ್ನು ನಂಬಿ.

ಪಿಳ್ಳಮ್ಮ ನಕ್ಕಳು.
"ನಿಮ್ಮ ಕೆಲಸ ಸಲೀಸು ಬಿಡಿ.
ಅಪ್ಪನ ಅಂಗಿ ಅರ್ಧಕ್ಕಿಳಿಸಿದ್ರೆ ಮಗನ ಅಂಗಿ ಆಗಲ್ಲ.
ಕೂಸಿನ ತಲೆ ದೊಡ್ಡದು, ಕತ್ತಲ್ಲಿ ಇಳಿಯೋದೇ ಇಲ್ಲ.
ಗುಂಡಿ ಅರ್ಧ ಮಾಡೋಣ ಅಂದ್ರೆ
ಹಾಕೋ ಬೆರಳು ಅವರಮ್ಮಂದು.
ದಾರಾನೂ ಅಷ್ಟೇ, ಯಾರ ಬಟ್ಟೆಗಾದ್ರೂ ಅದೇ ದಪ್ಪ."

ದಾರ ಅಂದದ್ದಕ್ಕೆ ನನ್ನ ಪೆನ್ಸಿಲ್ ನಿಂತಿತು.

ಮೂಲ ನಕಾಶೆಯಲ್ಲಿ ಎರಡು ನಂಬರುಗಳ ನಡುವಿನ ಗೆರೆ
ಅರ್ಧ ಮಿಲಿಮೀಟರು.
ಯಾವನೋ ಗುಮಾಸ್ತ, ಯಾವುದೋ ಮಧ್ಯಾಹ್ನ,
ನಿಬ್ಬು ಅದ್ದಿ ಎಳೆದದ್ದು.
ಅವಳ ಬಿಲ್ ಪುಸ್ತಕದ ಬೆನ್ನಿಗೆ ಲೆಕ್ಕ ಹಾಕಿದೆ:
ನೆಲದ ಮೇಲೆ ಆ ಗೆರೆ ಹದಿಮೂರು ಅಡಿ.
ಇವಳ ಅಂಗಡಿ ಹತ್ತಕ್ಕೆ ಎಂಟು.
ಮೆಷೀನು, ಸ್ಟೂಲು, ಇಸ್ತ್ರಿ ಪೆಟ್ಟಿಗೆ,
ತಂತಿಗೆ ನೇತುಬಿದ್ದ ಹದಿನೇಳು ರವಿಕೆ,
ಚಿಂದಿ ಬಟ್ಟೆಯ ಗುಡ್ಡೆಯಲ್ಲಿ ನಿದ್ದೆ ಹೋದ ಮೊಮ್ಮಗಳು
ಅಷ್ಟೂ ಶಾಯಿಯೊಳಗೆ.
ಎಡದ ನಂಬರಿನಲ್ಲಿ ಇಲ್ಲ,
ಬಲದ್ದರಲ್ಲೂ ಇಲ್ಲ.

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಆಮೇಲೆ ಕತ್ತರಿಸಿಟ್ಟ ಒಂದು ತೋಳು ಎತ್ತಿ ತೋರಿಸಿದಳು,
ಸೀಮೆಸುಣ್ಣದ ಗುರುತಿನಾಚೆ ಉಳಿದ ಬಟ್ಟೆ.
"ಹೊಲಿಗೆಗೆ ಅಂತ ಮುಕ್ಕಾಲು ಇಂಚು ಬಿಟ್ಟೇ ಬಿಡ್ತೀವಿ ನಾವು.
ನಿಮ್ಮೋರು ಬಿಟ್ಟಿರ್ಲಿಲ್ವಾ?"

ಹೊರಗೆ ಬೈಕಿನ ಹಾರನ್ನು.
"ಕಲ್ಲು ಎಲ್ಲಿ ನೆಡೋದು ಸಾರ್?" ಅಬ್ಬಯ್ಯ ಕೂಗಿದ.
ಆ ಕಲ್ಲೂ ಮುಕ್ಕಾಲು ಅಡಿ ದಪ್ಪ.
ಬಂದೆ ಇರಪ್ಪ ಎನ್ನುತ್ತಾ
ಪೆನ್ಸಿಲ್ ಹೆರೆಯುತ್ತಲೇ ಕೂತೆ.
ಸುರುಳಿ ಸಿಪ್ಪೆಯೊಂದು ನಕಾಶೆಗೆ ಬಿದ್ದು
ಅರ್ಧ ಕೆರೆ ಮುಚ್ಚಿತು.