ಮೂರೋ ಎಂಟೋ

ನಮ್ಮ ಓಣಿಗೆ ನೀರು ಬರೂದು ಐದು ದಿನಕ್ಕೊಮ್ಮೆ,
ಅದೂ ಕಳ್ಳರ ಹೊತ್ತಿನಾಗ.
ಮೊದಲು ನಳ ಕೆಮ್ಮತದ, ಗಾಳಿ ಉಗಳತದ,
ಆಮ್ಯಾಲ ತುಕ್ಕು, ಆಮ್ಯಾಲ ನೀರು.
ಕೂಸು ಅತ್ತರ ಏಳದವರೂ
ಸೊಲ್ಲಾಪುರದಾಗ ಆ ಕೆಮ್ಮಿಗೆ ಏಳತಾರ.

ಅವತ್ತು ಕೆಮ್ಮಲಿಲ್ಲ. ಎರಡೂ ನಲವತ್ತಕ್ಕ
ಫಟ್ ಅಂತ ಒಡೀತು ಟಾಕಿ ಬುಡದ ಎಲ್ಬೋ,
ಹೋದ ದೀಪಾವಳಿಗೆ ನಾನೇ ಆರಿಸಿ ತಂದದ್ದು,
ಹತ್ತು ರೂಪಾಯಿ ಕಮ್ಮೀದು.
ನೀರು ಸೀದಾ ಮಾಳಿಗಿಗೆ ಬಡದು
ಬಲ್ಬಿನ ಮ್ಯಾಲ, ಬಲ್ಬಿನಿಂದ ನನ್ನ ಮ್ಯಾಲ.
ಗ್ವಾಡಿಗೆ ಆನಿಸಿದ್ದು ಮೂರು ಚೀಲ ಜ್ವಾಳದ ಹಿಟ್ಟು;
ಲಗ್ನದ ಮನಿಗೆ ಮುನ್ನೂರು ಕಡಕ್ ರೊಟ್ಟಿ
ಮುಂಜಾನೆ ಮುಟ್ಟಿಸೂದಿತ್ತು.

ಪೈಪಿನ ಬಾಯಿಗೆ ಅಂಗೈ ಒತ್ತಿದೆ.
ರೊಟ್ಟಿ ಬಡದು ಬಡದು ದಪ್ಪಾದ ಕೈ ಇದು,
ಹಂಚಿಗೂ ಅಂಜೂದಿಲ್ಲ.
ನೀರು ಬೆರಳ ಸಂದಿನಿಂದ ನಕ್ಕೋತ ಬಂತು.

"ಸಾನಿಕಾ, ಗ್ವಾಡಿ ನೋಡ, ಪ್ಲಂಬರ್ ನಂಬರ!"
ನಮ್ಮ ಮನಿ ವಹಿ ಆ ಗ್ವಾಡಿ:
ಹಾಲಿನ ಲೆಕ್ಕ, ಗ್ಯಾಸು ತಂದ ತಾರೀಖು, ಭಿಶಿ ಹಪ್ತೆ,
ಅದರ ಮ್ಯಾಲ ಒಲಿ ಹೊಗಿ,
ಹೊಗಿ ಹಿಂದ ಮೂರು ಮಂದಿ ಪ್ಲಂಬರು.
ಮೊದಲನೆಯಾಂವ ಎತ್ತಲಿಲ್ಲ.
ಎರಡನೆಯಾಂವ "ಸಕಾಳಿ ಯೇತೋ" ಅಂದ,
ಆಕಳಿಕಿ ಮಾತ್ರ ಪೂರಾ ಕೇಳಿಸಿತು.
ಮೂರನೆಯಾಂವ ಅಂಬಾದಾಸ ಯೆಮುಲ,
ನಡುರಾತ್ರಿಗೂ ಬರಾಂವ, ಡಬಲ್ ತಗೊಳ್ಳಾಂವ.
ಅವನ ನಂಬರಿನ ಕಡೀ ಅಂಕಿ ಅರ್ಧ ಅಳಿಸಿತ್ತು.
"ಮೂರೋ ಎಂಟೋ, ಮಮ್ಮಿ?"
ಎಂಟರ ಎಡಗಡಿ ಹೊಗಿ ತಿಂದರ ಮೂರು.
ಮೂರಕ್ಕ ಹಚ್ಚು, ಅಂದೆ.

"ಕೋಣ?" ಅಂತು ಒಂದು ಮುದಿ ದನಿ,
ಮರಾಠಿ ಕೋಣ, ಹಗ್ಗ ಹಾಕೂ ಕೋಣ ಅಲ್ಲ.
ನಾನೂ ಬಂದಷ್ಟು ಮರಾಠಿ ಜೋಡಿಸಿದೆ:
"ದಾದಾ, ನಳ ಫುಟಲಾ, ಪಾಣಿ..."
ಅಷ್ಟರಾಗ ಉಳಿದ ಚೂರೂ ಹಾರಿ ಮಾರಿಗೆ ಬಡೀತು,
"ಅಯ್ಯಯ್ಯ ಯವ್ವಾ!"

ಆ ಕಡೆ ಒಂದು ಗಳಿಗಿ ಸುಮ್ಮ.
ಆಮ್ಯಾಲ ಅಚ್ಚ ಅಕ್ಕಲಕೋಟಿ ಕನ್ನಡ:
"ತಂಗೀ, ನಾ ಪ್ಲಂಬರ್ ಅಲ್ಲ.
ದಮ್ಮಿನ ಮನಷ್ಯಾ, ನಿದ್ದಿ ಇಲ್ಲ, ಅದಕ್ಕ ಎತ್ತೀನಿ.
ಮೊದಲ ಲೈಟಿನ ಮೇನ್ ಇಳಸು, ಒಣಾ ಕೈಲೆ, ಹುಡುಗಿ ಕಡಿಂದ.
ನೀ ಕೈ ತಗಿ. ಕೈಗೆ ನೀರು ನಿಲ್ಲೂದಿಲ್ಲ.
ಹೊಸ್ತಿಲ ಹೊರಗ ಅಲಗಾಡೂ ಫರಸಿ ಇರಬೇಕು, ಎಬ್ಬಸು.
ಅದರಾಗ ಕಾಕ್ ಅದ. ಕೈಗೆ ಜಗ್ಗದಿದ್ದರ ಒಲಿ ಇಕ್ಕಳ ಹಚ್ಚು,
ಗಡಿಯಾರದ ಮುಳ್ಳು ತಿರಗಧಂಗ ತಿರಗಸು."

ಆ ಫರಸಿ ಏಳು ವರ್ಷ ತುಳದೀನಿ.
ದಿನಾ ಕಟಕ್ ಅಂತಿತ್ತು, ಕೆಳಗ ಇಲಿ ಅಂದ್ಕೊಂಡಿದ್ದೆ.
ಇಕ್ಕಳ ಮೂರು ಸಲ ಜಾರಿತು. ನಾಲ್ಕನೆಯದಕ್ಕ
ನೀರು ಬಿಕ್ಕಿ ಬಿಕ್ಕಿ ಕುಂತಿತು.

"ನಿಂತಿತೇನ?"
"ನಿಂತಿತ್ರಿ. ತಮ್ಮ ಹೆಸರು..."
ಅನ್ನೂದರಾಗ ಅವರಿಗೆ ಕೆಮ್ಮು ಹತ್ತಿತು,
ಉದ್ದ, ನೀರು ಬರೂ ಮುಂದಿನ ನಳದಂಗ.
ಫೋನು ಕಟ್ ಆತು.

ಓಣಿ ತುಂಬ ಕೊಡ ತುಂಬೂ ಸಪ್ಪಳ, ನಮ್ಮನ್ಯಾಗ ಕತ್ತಲಿ.
ಹಸೀನಾಬಿ ಕಂಪೌಂಡ ಮ್ಯಾಲಿಂದ ತನ್ನ ಪೈಪು ಒಗದಳು,
"ನಿನ್ನ ಬ್ಯಾರಲ್ಲಾ ಇತ್ತಾಗ ತಾ" ಅಂತ.
ಒಂದು ಚೀಲ ಹಿಟ್ಟು ನೆನದು ಮುದ್ದಿ. ಎರಡು ಉಳದಾವ.

ಏಳಕ್ಕ ಅಂಬಾದಾಸ ಬಂದ, ಸಾನಿಕಾ ಹೋಗಿ ಕರತಂದಳು.
ಹಿತ್ತಾಳಿ ಎಲ್ಬೋ, ಮುನ್ನೂರಾ ಐವತ್ತು, ಗ್ಯಾರಂಟಿ ಇಲ್ಲ.
ಗ್ವಾಡಿ ನೋಡಿ ನಕ್ಕ: "ಎಂಟ್ರೀ ಅದು."
ಇದ್ದಲಿ ತಗೊಂಡು ಎಡಗಡಿ ಹೊಟ್ಟಿ ತಿದ್ದಿದ.

ಅವ ಹ್ವಾದ ಮ್ಯಾಲ ಅದರ ಕೆಳಗ
ಇಡೀ ನಂಬರು ಮತ್ತ ಬರದೆ, ಕಡೀಗೆ ಮೂರು.
ಹೆಸರಿನ ಜಾಗಾ ಖಾಲಿ ಅದ.

ಐದನೇ ರಾತ್ರಿ ನಳ ಕೆಮ್ಮಿತು.
ಎದ್ದು ಕೊಡ ಹಚ್ಚಿದೆ.
ಈ ಹೊತ್ತಿಗೆ ಅಲ್ಲೂ ಎಚ್ಚರ ಇರತಾರ.